ಜೆ.ಸಿ. ರಸ್ತೆಯಲ್ಲಿ ನೆರವಾದ ಹಿರಿಯ ಮೆಕ್ಯಾನಿಕ್‌ಗೆ ಧನ್ಯವಾದಗಳು

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ, ನನ್ನ ಹಳೆಯ ಮಾರುತಿ 800ರಿಂದ ಬಿಚ್ಚಿದ ಲೋವರ್ ಆರ್ಮ್ (ಮುಂದಿನ ಚಕ್ರವನ್ನು ಕಾರಿನ ಒಡಲಿಗೆ ಜೋಡಿಸುವ ಕೆಳತೋಳು) ಹಿಡಿದು ನಿಂತಿದ್ದ ನನಗೆ, ಯಾವ ಪರಿಚಯವೂ ಇಲ್ಲದೆ ನೆರವಾದ ಹಿರಿಯ ಮೆಕ್ಯಾನಿಕರೇ, ತಮ್ಮ ಹೆಸರು ಕೇಳುವ ಮೊದಲೇ ತಾವು ಹೊರಟುಬಿಟ್ಟಿರಾದ್ದರಿಂದ ಈ ಧನ್ಯವಾದವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಡೀ ಆರ್ಮನ್ನೇ ಬದಲಿಸಬೇಕೆಂದು ಗ್ಯಾರೇಜಿನವರು ಹೇಳಿದ್ದರು. ತಾವು ಆರ್ಮಿನ ಚಕ್ರದ ಕಡೆಯ ತುದಿಯಲ್ಲಿರುವ ಗುಂಡುಕೀಲು, ಅಂದರೆ ಬಾಲ್ ಜಾಯಿಂಟನ್ನು ಅಲ್ಲಾಡಿಸಿ ನೋಡಿ, ಅದು ಇನ್ನೂ ಬಿಗಿಯಾಗಿದೆ ಎಂದಿರಿ. ಆರ್ಮಿನ ಇನ್ನೊಂದು ತುದಿಯಲ್ಲಿ ಬೋಲ್ಟ್ ಹಾಯುವ ರಬ್ಬರಿನ ಮೆತ್ತೆ, ಅಂದರೆ ಬುಷ್‌ನ ರಬ್ಬರು ಒಳಗಿನ ಕಬ್ಬಿಣದ ಕೊಳವೆಯಿಂದ ಬಿಟ್ಟುಕೊಂಡಿರುವುದನ್ನು ಸ್ಕ್ರೂಡ್ರೈವರಿನ ತುದಿಯಿಂದ ಎತ್ತಿ ತೋರಿಸಿದಿರಿ. ಹೊಸ ಬುಷ್ಷನ್ನು ಸುತ್ತಿಗೆಯಿಂದ ಬಡಿಯದೆ ಪ್ರೆಸ್‌ನಲ್ಲಿ (ಒತ್ತುವ ಯಂತ್ರದಲ್ಲಿ) ಕೂರಿಸಬೇಕು, ಗ್ರೀಸ್ ತಾಗಿದರೆ ರಬ್ಬರು ಉಬ್ಬಿ ಹಾಳಾಗುವುದರಿಂದ ಸೋಪಿನ ನೀರನ್ನಷ್ಟೇ ಸವರಬೇಕು ಎಂದೂ ತಿಳಿಸಿದಿರಿ.

ಎಲ್ಲಕ್ಕಿಂತ ಉಪಕಾರವಾದದ್ದು ಬುಷ್‌ನ ಬೋಲ್ಟ್ ಬಿಗಿಯುವ ಕ್ರಮ. ಕಾರು ಜಾಕಿನ ಮೇಲಿದ್ದು ಚಕ್ರ ಜೋತುಬಿದ್ದಿರುವಾಗಲೇ ಪೂರ್ತಿ ಬಿಗಿದರೆ, ಕಾರು ನೆಲಕ್ಕಿಳಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆದ್ದರಿಂದ ಚಕ್ರಗಳ ಮೇಲೆ ಭಾರ ಬಿದ್ದ ನಂತರವೇ ಕೊನೆಯ ಬಿಗಿತ ಕೊಡಬೇಕು ಎಂಬುದನ್ನು ತಾವು ಮುಷ್ಟಿ ತಿರುಗಿಸಿ ತೋರಿಸಿದ ಬಗೆ, ಯಾವ ಕೈಪಿಡಿಯ ಚಿತ್ರಕ್ಕಿಂತಲೂ ಸ್ಪಷ್ಟವಾಗಿತ್ತು. ಈ ಕಾರಿನಲ್ಲಿ ಆರ್ಮನ್ನು ಹಿಂದೆಮುಂದೆ ಸರಿಯದಂತೆ ಹಿಡಿಯುವುದು ಎರಡೂ ಬದಿಯ ಆರ್ಮ್‌ಗಳನ್ನು ಜೋಡಿಸುವ ಸರಳಾದ ಸ್ಟೆಬಿಲೈಸರ್ ಬಾರ್ ಆದುದರಿಂದ, ಅದರ ಬುಷ್‌ಗಳನ್ನೂ ಜೊತೆಗೇ ಕೊಡಿಸಿದಿರಿ.

ತಾವು ಹೇಳಿದಂತೆ ವೀಲ್ ಅಲೈನ್‌ಮೆಂಟನ್ನೂ ಮಾಡಿಸಿದ್ದೇನೆ. ಹಂಪ್ ಇಳಿಯುವಾಗ ಬರುತ್ತಿದ್ದ ಸದ್ದು ನಿಂತಿದೆ, ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಎಡಕ್ಕೆ ಎಳೆಯುವುದೂ ಇಲ್ಲ.