ಮೊದಲು ಮೈಯಲ್ಲಿ ರಕ್ತ ತುಂಬಲಿ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ನೀನು ವಾಟ್ಸಾಪಿನಲ್ಲಿ ಕಳಿಸಿದ ಸ್ಕ್ಯಾನಿಂಗ್ ರಿಪೋರ್ಟನ್ನೂ ರಕ್ತ ಪರೀಕ್ಷೆಯ ಚೀಟಿಯನ್ನೂ ದೊಡ್ಡದು ಮಾಡಿಕೊಂಡು ಓದಿದೆ. ಅದರ ಕೆಳಗೆ "ಅಮ್ಮಾ, ಗರ್ಭಕೋಶ ತೆಗೆಸಿಯೇಬಿಡಲಾ? ಈ ಗಡ್ಡೆಗಳು, ತಿಂಗಳು ತಿಂಗಳೂ ಇಷ್ಟು ರಕ್ತ ಹೋಗುವುದು ಸಾಕಾಗಿಹೋಗಿದೆ" ಅಂತ ಬರೆದಿದ್ದೀಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಕೊಡಲು ಮನಸ್ಸಾಗಲಿಲ್ಲ. ಫೋನಿನಲ್ಲಾದರೆ ಒಲೆಯ ಮುಂದೆ ನಿಂತು ಹೂಂ ಹೂಂ ಅನ್ನುತ್ತೀಯ, ಅರ್ಧ ಮಾತು ನಿನಗೆ ಮುಟ್ಟುವುದೇ ಇಲ್ಲ. ಬರೆದದ್ದಾದರೆ ನಿಧಾನವಾಗಿ ಓದಬಹುದು, ಡಾಕ್ಟರ ಹತ್ತಿರ ಹೋಗುವಾಗ ಜೊತೆಗೆ ಒಯ್ಯಬಹುದು.

ರಿಪೋರ್ಟಿನಲ್ಲಿ ಎಲ್ಲಕ್ಕಿಂತ ಮೊದಲು ನನ್ನನ್ನು ಹೆದರಿಸಿದ್ದು ಹಿಮೋಗ್ಲೋಬಿನ್. 7.6. ಹೆಂಗಸರಿಗೆ 12 ಇರಬೇಕು. 8ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ ಎಂದೇ ಲೆಕ್ಕ. ಮೆಟ್ಟಿಲು ಹತ್ತಿದರೆ ಏದುಸಿರು, ಮಕ್ಕಳ ಮೇಲೆ ಸುಮ್ಮಸುಮ್ಮನೆ ಸಿಡುಕು, ಉದುರುವ ಕೂದಲು, ಆಫೀಸಿನಲ್ಲಿ ಎಷ್ಟು ಓದಿದರೂ ತಲೆಗೆ ಹತ್ತದಿರುವುದು, ಇದನ್ನೆಲ್ಲ ವಯಸ್ಸಿನ ಮೇಲೆ ಹಾಕಿಕೊಂಡು ಕೂತಿದ್ದೀಯ. ನಲವತ್ಮೂರು ಅಂಥ ವಯಸ್ಸೇನಲ್ಲ ಕಂದಾ. ಮೈಯಲ್ಲಿ ರಕ್ತವಿಲ್ಲ, ಅಷ್ಟೇ. ಇಷ್ಟು ಸೋತ ಮೈ ಯಾರು ಏನು ಹೇಳಿದರೂ "ಆಯಿತು, ಮುಗಿಸಿಬಿಡಿ" ಅನ್ನುತ್ತದೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ದುಡಿದಷ್ಟು ಕಾಲವೂ ನಾನು ಅದನ್ನೇ ಕಂಡಿದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ: ತೆಗೆಸಬೇಕೋ ಬೇಡವೋ ಎಂಬುದನ್ನು ಈಗ ತೀರ್ಮಾನಿಸಬೇಡ. ಮೊದಲು ರಕ್ತ ಏರಲಿ. ಹೇಗೂ 7.6 ಇಟ್ಟುಕೊಂಡು, ತುರ್ತು ಇಲ್ಲದ ದೊಡ್ಡ ಆಪರೇಷನ್ನಿಗೆ ಒಳ್ಳೆಯ ಅರಿವಳಿಕೆ ತಜ್ಞರು ಸುಲಭಕ್ಕೆ ಒಪ್ಪುವುದೂ ಇಲ್ಲ.

ಕಬ್ಬಿಣದ ಮಾತ್ರೆ ನುಂಗಿ ಏರಿಸಲು ತಿಂಗಳುಗಳು ಬೇಕು. ನಿನಗೆ ಏರಿದಷ್ಟೂ ಮುಂದಿನ ಮುಟ್ಟಿನಲ್ಲಿ ಹರಿದುಹೋಗುತ್ತಿದೆ. ಕಬ್ಬಿಣವನ್ನು ಡ್ರಿಪ್ಪಿನಲ್ಲಿ ಕೊಡುತ್ತಾರೆ, ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಅಂತ. ಒಂದೋ ಎರಡೋ ಸಲ ಹೋಗಿ ಕೂತು ಬಂದರೆ ಆಯಿತು, ಕೆಲವೇ ವಾರಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಅದನ್ನು ನೀನಾಗಿಯೇ ಬಾಯಿಬಿಟ್ಟು ಕೇಳು. ಮಾತ್ರೆಯನ್ನೇ ಕೊಟ್ಟರೆ ನಿಂಬೆ ಶರಬತ್ತಿನ ಜೊತೆ ತಗೋ, ಕಾಫಿಯನ್ನು ಒಂದೆರಡು ಗಂಟೆ ದೂರ ಇಡು. ನಿನಗೆ ಕಷ್ಟ ಅಂತ ಗೊತ್ತು.

ರಕ್ತ ತುಂಬುವಾಗ ಸೋರುವುದನ್ನೂ ತಡೆಯಬೇಕಲ್ಲ. ಹೆಚ್ಚು ಹೋಗುವ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೆ ಅದು ಆಗದು. ನಿನಗೆ ಹಾಗೇನೂ ಇಲ್ಲ, ಆದರೂ ಡಾಕ್ಟರನ್ನು ಕೇಳಿಯೇ ತಗೋ. ಜಪಾನಿನ ಉಟಾಕೊ ಒಕಾಮೊಟೊ ಎಂಬ ವಿಜ್ಞಾನಿ ಗಂಡನ ಜೊತೆ ಸೇರಿ 1962ರಲ್ಲಿ ಕಂಡುಹಿಡಿದ ಔಷಧಿ ಅದು. ಹೆರಿಗೆಯಾದ ಮೇಲೆ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸಬೇಕೆಂದು ಆಕೆ ಹಟ ಹಿಡಿದಿದ್ದರಂತೆ. ಮಗಳನ್ನು ನೋಡಿಕೊಳ್ಳುವವರಿಲ್ಲದೆ ಬೆನ್ನಿಗೆ ಕಟ್ಟಿಕೊಂಡೇ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರಂತೆ. ವಾರ್ಡಿನಲ್ಲಿ ಆ ಇಂಜೆಕ್ಷನ್ ಕೊಡುವಾಗಲೆಲ್ಲ ನನಗೆ ಆ ತಾಯಿಯ ನೆನಪಾಗುತ್ತಿತ್ತು.

ಇನ್ನು ಫೈಬ್ರಾಯ್ಡ್ ಎನ್ನುವ ಆ ಗಡ್ಡೆಗಳ ವಿಷಯ. ನಿನಗೆ ಎರಡಿವೆ. 5 ಸೆಂಟಿಮೀಟರಿನದು ಗರ್ಭಕೋಶದ ಗೋಡೆಯಲ್ಲಿ, ಹೊರಗಡೆಗೆ ಉಬ್ಬಿಕೊಂಡಿದೆ. 2 ಸೆಂಟಿಮೀಟರಿನದು ಒಳಪದರದ ಕೆಳಗೆ, ಒಳಗಡೆಗೆ ಚಾಚಿದೆ. ನೀನು ದೊಡ್ಡದನ್ನು ನೋಡಿ ಅತ್ತಿದ್ದೀಯ. ರಕ್ತ ಹರಿಸುತ್ತಿರುವುದು ಬಹುಪಾಲು ಆ ಚಿಕ್ಕದೇ ಇರಬೇಕು. ಚಪ್ಪಲಿಯೊಳಗೆ ಸೇರಿಕೊಂಡ ಹರಳುಕಲ್ಲು ದಾರಿಬದಿಯ ಬಂಡೆಗಿಂತ ಹೆಚ್ಚು ಕಾಡುತ್ತದೆ. ಫೈಬ್ರಾಯ್ಡಿನಲ್ಲಿ ಗಾತ್ರಕ್ಕಿಂತ ಅದು ಕೂತ ಜಾಗ ಮುಖ್ಯ. ಒಳಕ್ಕೆ ಚಾಚಿದ ಇಂಥ ಚಿಕ್ಕ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ, ಯೋನಿ ಮಾರ್ಗದಿಂದಲೇ ದುರ್ಬೀನು ಹಾಕಿ ಕೆರೆದು ತೆಗೆಯಲು ಎಷ್ಟೋ ಸಲ ಆಗುತ್ತದೆ. ಹಿಸ್ಟೆರೋಸ್ಕೋಪಿ ಅನ್ನುತ್ತಾರೆ. ಬಹಳಷ್ಟು ಜನ ಅದೇ ದಿನವೋ ಮಾರನೇ ದಿನವೋ ಮನೆಗೆ ಬರುತ್ತಾರೆ. ನಿನ್ನ ಗಡ್ಡೆ ಅದಕ್ಕೆ ಒಗ್ಗುತ್ತದೆಯೇ ಎಂದು ಹೇಳಬೇಕಾದವರು ಆ ಕೆಲಸವನ್ನು ನಿತ್ಯ ಮಾಡುವ ಡಾಕ್ಟರು. ನೀನು ತೋರಿಸಿದ ಕಡೆ ಈ ಮಾತೇ ಬರಲಿಲ್ಲ ಅಂದೆಯಲ್ಲ, ಅದಕ್ಕಾಗಿಯೇ ಇನ್ನೊಬ್ಬರಿಗೆ ತೋರಿಸಲೇಬೇಕು. ಎರಡನೇ ಅಭಿಪ್ರಾಯ ಕೇಳಿದರೆ ಮೊದಲಿನ ಡಾಕ್ಟರಿಗೆ ಅವಮಾನವಾಗುತ್ತದೆ ಅನ್ನುವ ಸಂಕೋಚ ಬಿಡು. ಒಳ್ಳೆಯ ಡಾಕ್ಟರಾದವರು ತಾವೇ ಕಳಿಸುತ್ತಾರೆ.

ಗರ್ಭಕೋಶದೊಳಗೆ ಕೂರಿಸುವ ಮಿರೇನಾ ಎಂಬ ಪುಟ್ಟ ಸಾಧನ ಕೂಡ ಇದೆ, ಸ್ವಲ್ಪ ಸ್ವಲ್ಪವೇ ಹಾರ್ಮೋನು ಬಿಡುತ್ತಾ ಮುಟ್ಟನ್ನು ತೀರಾ ಕಡಿಮೆ ಮಾಡುತ್ತದೆ. ಮೊದಲ ಮೂರರಿಂದ ಆರು ತಿಂಗಳು ಹನಿಹನಿ ಕಾಣಿಸಿಕೊಂಡು ಬೇಸರ ತರಿಸುತ್ತದೆ, ಆ ಹೊತ್ತಿಗೇ ಅನೇಕರು ತೆಗೆಸಿಬಿಡುತ್ತಾರೆ. ತಾಳಿಕೊಂಡವರಿಗೆ ವರ್ಷಗಟ್ಟಲೆ ನೆಮ್ಮದಿ. ಆದರೆ ಒಳಗೆ ಗಡ್ಡೆ ಚಾಚಿದ್ದರೆ ಜಾರಿ ಬೀಳುವ ಸಂಭವ ಉಂಟು. ಹಾಗಾಗಿ ಚಿಕ್ಕ ಗಡ್ಡೆ ತೆಗೆಸಿದ ಮೇಲೆ ಅದನ್ನು ಹಾಕಿಸಬಹುದೇ ಅಂತ ಕೇಳು. ಗಡ್ಡೆಗೆ ರಕ್ತ ಹೋಗುವ ನಾಳವನ್ನೇ ಮುಚ್ಚುವ ಎಂಬೊಲೈಸೇಷನ್ ದೊಡ್ಡ ಊರುಗಳಲ್ಲಿ ಮಾಡುತ್ತಾರೆ. ಗಡ್ಡೆ ಬಿಡಿಸಿ ಗರ್ಭಕೋಶ ಉಳಿಸುವ ಮಯೋಮೆಕ್ಟಮಿಯೂ ಉಂಟು, ಮತ್ತೆ ಬೆಳೆಯುವ ಸಂಭವದೊಂದಿಗೆ. ಮುಟ್ಟು ನಿಂತ ಮೇಲೆ ಗಡ್ಡೆಗಳು ಸಾಮಾನ್ಯವಾಗಿ ತಾವೇ ಕುಗ್ಗುತ್ತವೆ. ನಮ್ಮ ದೇಶದಲ್ಲಿ ಸರಾಸರಿ 46–47ಕ್ಕೆ ನಿಲ್ಲುತ್ತದೆ ಅನ್ನುತ್ತಾರೆ. ನನಗೆ ನಿಂತದ್ದು ಐವತ್ತು ದಾಟಿದ ಮೇಲೆ. ನಿನಗೂ ಹಾಗೇ ಆದರೆ ಕಾಯುವ ದಾರಿ ಉದ್ದವಾಗುತ್ತದೆ. ಇದನ್ನೂ ಲೆಕ್ಕಕ್ಕಿಟ್ಟುಕೋ.

ಕ್ಯಾನ್ಸರ್ ಎಂಬ ಮಾತು. "ಬಿಟ್ಟರೆ ಕ್ಯಾನ್ಸರ್ ಆಗುತ್ತೆ" ಅಂತ ನಿನಗೆ ಯಾರೋ ಹೇಳಿದ್ದಾರೆ, ರಾತ್ರಿಯೆಲ್ಲ ನಿದ್ದೆಯಿಲ್ಲ ಅಂದೆ. ಫೈಬ್ರಾಯ್ಡ್ ಸ್ನಾಯುವಿನ ಗಡ್ಡೆ, ಅದು ಕ್ಯಾನ್ಸರ್ ಆಗಿ ತಿರುಗುವುದಿಲ್ಲ ಅಂತಲೇ ತಜ್ಞರು ನಂಬುತ್ತಾರೆ. ಫೈಬ್ರಾಯ್ಡ್ ಅಂದುಕೊಂಡದ್ದು ಕ್ಯಾನ್ಸರೇ ಆಗಿರುವುದು ತೀರಾ ಅಪರೂಪ. ನಿನ್ನ ವಯಸ್ಸಿನಲ್ಲಿ ಇಷ್ಟು ರಕ್ತ ಹೋಗುತ್ತಿರುವಾಗ ಪರೀಕ್ಷಿಸಬೇಕಾದದ್ದು ಗರ್ಭಕೋಶದ ಒಳಪದರ. ಅಲ್ಲಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಲಿ, ಗಡ್ಡೆಯ ಯಾವ ಚಿಕಿತ್ಸೆಗೂ ಮೊದಲು ಅದು ಮುಗಿಯಲಿ. ಥೈರಾಯ್ಡ್ ಕೂಡ ನೋಡಿಸು. ಬಯಾಪ್ಸಿ ಸರಿಯಾಗಿ ಬಂದರೆ ಆ ಹೆದರಿಕೆಯನ್ನು ಅಲ್ಲಿಗೇ ಬಿಟ್ಟುಬಿಡು.

ಈ ಹೆದರಿಕೆಯ ಮಾತಿಗೆ ನನಗೆ ಸಿಟ್ಟು ಬರುವುದಕ್ಕೆ ಕಾರಣವಿದೆ. ನಮ್ಮ ರಾಜ್ಯದ ಕಲಬುರಗಿ ಕಡೆಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳಿಗೆ ಏನಾಯಿತು ಗೊತ್ತಲ್ಲ? ಬಿಳಿಸೆರಗು, ಹೊಟ್ಟೆನೋವು ಅಂತ ಹೋದವರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶ ತೆಗೆದರು. ನಲವತ್ತು ದಾಟದವರೇ ಬಹಳ ಮಂದಿ. 2015ರಲ್ಲಿ ಸರ್ಕಾರ ತನಿಖೆ ನಡೆಸಿತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರು ಮುಟ್ಟಿನ ದಿನ ರಜೆ ಮಾಡಿದರೆ ಕೂಲಿ ಹಿಡಿಯುತ್ತಾರೆಂದು ಗರ್ಭಕೋಶವನ್ನೇ ತೆಗೆಸಿಕೊಂಡ ಸುದ್ದಿ 2019ರಲ್ಲಿ ಬಂತು. ಅನಗತ್ಯ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ನೀನು ಓದಿದವಳು, ಸಂಬಳ ತರುವವಳು, ನಿನ್ನನ್ನು ಯಾರೂ ಹಾಗೆ ಹೆದರಿಸಲಾರರು ಅಂದುಕೊಳ್ಳಬೇಡ. "ಮಕ್ಕಳಾಯಿತಲ್ಲ, ಇನ್ನೇನು ಕೆಲಸ ಅದಕ್ಕೆ" ಎಂಬ ಮಾತನ್ನು ಎಸಿ ಕೋಣೆಯಲ್ಲಿ ಕೂತವರೂ ಆಡುತ್ತಾರೆ. ಮಕ್ಕಳಾದವು ಎಂಬುದು ತೆಗೆಸಲು ಕಾರಣವೇ ಅಲ್ಲ.

ಹಾಗಂತ ತೆಗೆಸಲೇಬೇಡ ಅಂತ ನಾನು ಹೇಳುತ್ತಿಲ್ಲ. ನಿನ್ನ ಚಿಕ್ಕಮ್ಮನನ್ನು ನೋಡು. ಮಾತ್ರೆ ಆಯಿತು, ಮಿರೇನಾ ಆಯಿತು, ಗಡ್ಡೆಗಳು ಒಂದರ ಪಕ್ಕ ಒಂದು ಬೆಳೆದು ಹೊಟ್ಟೆ ಐದು ತಿಂಗಳ ಬಸುರಿಯಂತೆ ಕಾಣುತ್ತಿತ್ತು, ಮೂತ್ರಕೋಶ ಒತ್ತಿ ಬಸ್ಸಿನಲ್ಲಿ ಒಂದು ಊರಿಗೆ ಹೋಗಿ ಬರುವಂತಿರಲಿಲ್ಲ. ಯೋಚಿಸಿ, ಕೇಳಿ, ತೆಗೆಸಿದಳು. ಇವತ್ತಿಗೂ "ಇನ್ನೂ ಮುಂಚೆ ಮಾಡಿಸಬೇಕಿತ್ತು ಅಕ್ಕಾ" ಅನ್ನುತ್ತಾಳೆ. ಬೇರೆ ಯಾವುದೂ ಕೈಹಿಡಿಯದೆ, ಅಥವಾ ಬೇರೆಯದನ್ನೆಲ್ಲ ತಿಳಿದುಕೊಂಡೂ ನಿನಗೇ ಅವು ಬೇಡವೆನಿಸಿ, ಬೆಡ್‌ಶೀಟು ಪ್ಯಾಡು ಅಂತ ತಿಂಗಳಲ್ಲಿ ಹತ್ತು ದಿನ ಎಣಿಸುತ್ತಾ ಬದುಕುವುದು ಸಾಕು ಅನ್ನಿಸಿದರೆ, ಅದು ಪೂರ್ತಿ ನ್ಯಾಯವಾದ ಕಾರಣ. ಅದಕ್ಕೆ ಯಾರ ಮುಂದೆಯೂ ಸಮಜಾಯಿಷಿ ಕೊಡಬೇಕಾಗಿಲ್ಲ. "ಹೆಣ್ತನ ಹೋಗುತ್ತೆ" ಅಂತ ನಿಮ್ಮ ಅತ್ತೆಯವರ ಕಡೆ ಯಾರೋ ಅಂದರಂತೆ. ಅವರಿಗೆ ಉತ್ತರ ಕೊಡುವ ಕೆಲಸ ನನಗೆ ಬಿಡು.

ತೆಗೆಸುವುದೇ ಆದರೆ ಅಂಡಾಶಯದ ವಿಷಯ ಬೇರೆಯಾಗಿಯೇ ಮಾತಾಡಬೇಕು. ಗರ್ಭಕೋಶದ ಜೊತೆಗೆ "ಹೇಗೂ ತೆರೆದಿದ್ದೇವೆ" ಅಂತ ಒಳ್ಳೆಯ ಅಂಡಾಶಯಗಳನ್ನೂ ತೆಗೆದುಬಿಡುವ ಅಭ್ಯಾಸ ಹಿಂದೆ ಹೆಚ್ಚಿತ್ತು, ಈಗಲೂ ಹೋಗಿಲ್ಲ. ಅವು ಹೋದ ದಿನವೇ ಮುಟ್ಟು ನಿಂತ ಮುದುಕಿಯ ಮೈ ಬರುತ್ತದೆ: ಉರಿ, ಬೆವರು, ನಿದ್ದೆಗೇಡು, ಮುಂದೆ ಮೂಳೆ ಸವೆತ, ಹೃದಯದ ತೊಂದರೆ. ಮೂವತ್ತಾರು ವಯಸ್ಸಿಗೆ ಎರಡೂ ತೆಗೆಸಿಕೊಂಡ ಒಬ್ಬಾಕೆ ನಮ್ಮಲ್ಲಿಗೆ ಬರುತ್ತಿದ್ದಳು, ಏನೇನು ತೆಗೆದಿದ್ದಾರೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಆ ಮುಖ ನನಗಿನ್ನೂ ಮರೆತಿಲ್ಲ. ನಿನ್ನ ಅಂಡಾಶಯಗಳು ಸ್ಕ್ಯಾನಿಂಗಿನಲ್ಲಿ ಸರಿಯಾಗಿವೆ, ನಮ್ಮ ಮನೆತನದಲ್ಲಿ ಅಂಡಾಶಯದ ಅಥವಾ ಸ್ತನದ ಕ್ಯಾನ್ಸರ್ ಯಾರಿಗೂ ಬಂದಿಲ್ಲ. ಉಳಿಸಿಕೋ. ಗರ್ಭಕೋಶದ ಜೊತೆ ಅಂಡನಾಳಗಳನ್ನು ಮಾತ್ರ ತೆಗೆಯುತ್ತೇವೆ ಅಂದರೆ ಒಪ್ಪಬಹುದು, ಅದರಿಂದ ಮುಂದೆ ಅಂಡಾಶಯದ ಕ್ಯಾನ್ಸರಿನ ಅಪಾಯ ಕಡಿಮೆಯಾಗುತ್ತದೆ. ಉಳಿಸಿಕೊಂಡರೂ ಮುಟ್ಟು ನಿಲ್ಲುವ ಲಕ್ಷಣಗಳು ಒಂದೆರಡು ವರ್ಷ ಮುಂಚೆ ಬರಬಹುದು, ಅದೂ ತಿಳಿದಿರಲಿ. ಸಹಿ ಹಾಕುವ ಕಾಗದದಲ್ಲಿ ಏನು ತೆಗೆಯುತ್ತಾರೆ, ಏನು ಬಿಡುತ್ತಾರೆ ಅಂತ ಬರೆಸು. ಖಾಲಿ ಕಾಗದಕ್ಕೆ ಸಹಿ ಬೇಡ.

ಯೋನಿ ಮಾರ್ಗದಿಂದಲೋ, ಹೊಟ್ಟೆಗೆ ಸಣ್ಣ ತೂತು ಮಾಡುವ ಲ್ಯಾಪ್ರೋಸ್ಕೋಪಿಯಲ್ಲೋ, ಹೊಟ್ಟೆ ಕೊಯ್ದೋ ಎಂಬುದನ್ನೂ ಕೇಳು. ಲ್ಯಾಪ್ರೋಸ್ಕೋಪಿಯಾದರೆ ಗರ್ಭಕೋಶವನ್ನು ಒಳಗೇ ಚೂರು ಮಾಡಿ ತೆಗೆಯುತ್ತಾರೋ, ಚೀಲದೊಳಗೆ ಹಾಕಿ ಮಾಡುತ್ತಾರೋ ಎಂಬುದು ಮುಖ್ಯ. ಆ ಅಪರೂಪದ ಅಡಗಿದ ಕ್ಯಾನ್ಸರ್ ಇದ್ದರೆ ಹೊಟ್ಟೆಯೊಳಗೆಲ್ಲ ಹರಡೀತೆಂದು ಅಮೆರಿಕದ ಔಷಧ ನಿಯಂತ್ರಕರು 2014ರಲ್ಲೇ ಎಚ್ಚರಿಸಿದ್ದಾರೆ. ಮೂತ್ರಕೋಶ, ಮೂತ್ರನಾಳಕ್ಕೆ ಪೆಟ್ಟಾಗುವ ಸಣ್ಣ ಅಪಾಯ ಎಲ್ಲ ವಿಧಾನದಲ್ಲೂ ಇದ್ದದ್ದೇ. ಆಮೇಲೆ ಆರು ವಾರ ಭಾರ ಎತ್ತುವಂತಿಲ್ಲ. ನೀರಿನ ಕೊಡ, ಕುಕ್ಕರು, ಮಗು ಎಲ್ಲವೂ ಭಾರವೇ. ಗಂಡಹೆಂಡಿರ ನಡುವಿನದಕ್ಕೂ ಅಷ್ಟೇ ದಿನ ಬಿಡುವು; ಗಾಯ ಮಾಗಿದ ಮೇಲೆ ಬಹುಪಾಲು ಹೆಂಗಸರಿಗೆ ಏನೂ ಕೊರತೆಯಾಗುವುದಿಲ್ಲ, ರಕ್ತದ ಭಯವಿಲ್ಲದೆ ಇನ್ನೂ ನೆಮ್ಮದಿಯಾಯಿತು ಅಂದವರನ್ನೂ ಬಲ್ಲೆ. ಅಮ್ಮ ಇದನ್ನೆಲ್ಲ ಬರೆಯುತ್ತಾಳಲ್ಲ ಅಂತ ನಾಚಬೇಡ. ಅಳಿಯಂದಿರಿಗೂ ಈ ಪತ್ರ ಓದಲು ಕೊಡು. ಡಾಕ್ಟರ ಹತ್ತಿರ ಅವರೂ ಬರಲಿ, ಆದರೆ ಉತ್ತರ ಕೊಡುವವಳು ನೀನಾಗಿರು.

ಡ್ರಿಪ್ಪಿನ ವಿಷಯ ಸೋಮವಾರವೇ ಕೇಳು. ತಲೆಸುತ್ತು ಬಂದರೆ, ಗಂಟೆಗೊಂದು ಪ್ಯಾಡಿನಂತೆ ತೊಯ್ಯತೊಡಗಿದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೋಗು. ಹಿಮೋಗ್ಲೋಬಿನ್ 11 ಮುಟ್ಟಿದ ಮೇಲೆ ಬಯಾಪ್ಸಿ ರಿಪೋರ್ಟ್ ಇಟ್ಟುಕೊಂಡು ನಾವಿಬ್ಬರೂ ಎರಡನೇ ಡಾಕ್ಟರ ಹತ್ತಿರ ಹೋಗೋಣ. ನಾನು ಅಡಿಕೆ ಕೊಯ್ಲಿಗೆ ಮೊದಲೇ ಬಂದುಬಿಡುತ್ತೇನೆ. ಆಪರೇಷನ್ ಅಂತ ನೀನು ತೀರ್ಮಾನಿಸಿದರೆ ಆ ಆರು ವಾರವೂ ಅಡುಗೆಮನೆ ನನ್ನದು, ನಿಮ್ಮಪ್ಪ ಇಲ್ಲಿ ಅನ್ನ ಮಾಡಿಕೊಳ್ಳುತ್ತಾರೆ, ಕೇಳಿಯಾಗಿದೆ. ಬೇಡ ಅಂತ ತೀರ್ಮಾನಿಸಿದರೂ ಬರುತ್ತೇನೆ. ಬರುವಾಗ ನುಗ್ಗೆಸೊಪ್ಪು ತರುತ್ತೇನೆ, ಅಲ್ಲಿ ಸಿಗುವುದು ಬಾಡಿದ್ದು.

ಇಂತಿ,
ನಿನ್ನ ಅಮ್ಮ