ಬುಸಾನ್‌ಗೆ ಹೊರಟಿರೋ ಪುಟ್ಟಿಗೆ

ಪುಟ್ಟಿ,

ಏರ್‌ಪೋರ್ಟಲ್ಲಿ ನಿಂತ್ಕೊಂಡು ಇದೆಲ್ಲ ಹೇಳಕ್ಕಾಗಲ್ಲ, ನಿಮ್ಮಮ್ಮ ಪಕ್ಕದಲ್ಲೇ ಇರ್ತಾಳೆ, ನಂಗೂ ಗಂಟಲು ಕಟ್ಟತ್ತೆ, ಅದಕ್ಕೆ ಟೈಪ್ ಮಾಡಿ ಕಳಿಸ್ತಿದೀನಿ. ಫ್ಲೈಟ್ ಹತ್ತಿದ್ಮೇಲೆ ನಿಧಾನವಾಗಿ ಓದು. ಹೋದ ವರ್ಷ ಹಾಸ್ಟೆಲ್ಲಲ್ಲಿ ಏನಾಯ್ತು, ನಮಗೆ ಯಾವಾಗ ಗೊತ್ತಾಯ್ತು, ಅದು ನಿಂಗೂ ನೆನಪಿದೆ ನಂಗೂ ನೆನಪಿದೆ, ಮತ್ತೆ ಕೆದಕಲ್ಲ.

ಊಟದ ಟೇಬಲ್ ಮೇಲೆ ನೀನು ಬಿಟ್ಟು ಹೋಗ್ತಿರೋ ಆಟಿಕೆ ಬ್ರಿಕ್ಕಿನ ಆಮೆ ಹಡಗನ್ನ, ಅದೇ ಕೊರಿಯಾದ ಆ ಹಳೇ ಯುದ್ಧದ ಹಡಗಿನ ಮಾದರೀನ, ಯಾರೂ ಮುಟ್ಟಲ್ಲ, ಅದರ ಚಿಂತೆ ಬಿಡು. ಹುಟ್ಟುಗಳನ್ನ ಕ್ಲಿಪ್‌ಗೆ ಸಿಗಿಸೋ ಕೆಲ್ಸ ನಾನೇ ಮುಗಿಸ್ತೀನಿ. ನೀನು ಶುರು ಮಾಡಿದ ದಿನ ಹೇಳಿದ್ಯಲ್ಲ, ಯೂರೋಪಿನ ಹಡಗಿನ ಹಾಗೆ ತಳ ಚೂಪಾಗಿದ್ರೆ ಬ್ರಿಕ್ಕಲ್ಲಿ ಕಟ್ಟೋದು ಕಷ್ಟ, ಇದರ ತಳ ಚಪ್ಪಟೆ, ಪ್ಲೇಟ್ ಮೇಲೆ ಪ್ಲೇಟ್ ಜೋಡಿಸ್ತಾ ಹೋದ್ರೆ ಸಾಕು ಅಂತ. ಆಮೇಲೆ ಯಾಕೆ ಚಪ್ಪಟೆ ಅಂತ ಕೇಳಿದ್ದಕ್ಕೆ ಕೊರಿಯಾದ ದಕ್ಷಿಣ ಕರಾವಳಿ ಪೂರ್ತಿ ವಿವರಿಸ್ದೆ, ಇಳಿತದಲ್ಲಿ ನೀರು ಅಷ್ಟು ದೂರ ಹಿಂದೆ ಹೋಗತ್ತೆ, ಹಡಗು ಕೆಸರಲ್ಲಿ ನೆಟ್ಟಗೆ ಕೂತಿರ್ಬೇಕು, ದ್ವೀಪಗಳ ಮಧ್ಯೆ ಇದ್ದಲ್ಲೇ ತಿರುಗ್ಬೇಕು ಅಂತ. ಹಡಗು ಕಟ್ಟೋ ಇಂಜಿನಿಯರಿಂಗು ಓದಕ್ಕೆ ಇವಳನ್ನ ಕಳಿಸ್ಬೇಕು ಅಂತ ನಂಗೆ ಅವತ್ತೇ ಅನ್ನಿಸ್ತು ಕಣೇ, ನಿಂಗೆ ಹೇಳಿರ್ಲಿಲ್ಲ ಅಷ್ಟೇ.

ಮೇಲ್ಛಾವಣಿಗೆ ಜಗಳ ಆಡಿದ್ವಲ್ಲ, ನಾನು ಕಬ್ಬಿಣದ ತಗಡು ಅಂತ ಗ್ರೇ ಟೈಲ್ ತರಿಸಿದ್ದು, ನೀನು ಹಲಗೆ ಅಂತ ಕಂದು ಬಣ್ಣಕ್ಕೆ ಹಟ ಹಿಡಿದಿದ್ದು. ಅವತ್ತು ಜೋರು ಮಾಡಿದ್ದು ಮನಸ್ಸಲ್ಲಿ ಇಟ್ಕೋಬೇಡ. ಜಪಾನೀಯರು ದಾಳಿ ಮಾಡಿದಾಗ ಈ ಹಡಗು ಇಟ್ಕೊಂಡು ಹೋರಾಡಿದ ಕೊರಿಯಾದ ನೌಕಾ ಸೇನಾಪತಿ ಯಿ ಸುನ್‌ಸಿನ್‌ರ ಅಣ್ಣನ ಮಗ ಬರೆದಿದ್ದನ್ನ ನೀನು ಹುಡುಕಿ ತಂದು ತೋರಿಸ್ದೆ, ಮೇಲೆ ಹಲಗೆ ಮುಚ್ಚಿದ್ರು, ಅಡ್ಡಕ್ಕೂ ಉದ್ದಕ್ಕೂ ಸಣ್ಣ ದಾರಿ ಬಿಟ್ಟು ಮಿಕ್ಕಿದ ಕಡೆಯೆಲ್ಲ ಮೊಳೆ ನೆಟ್ಟಿದ್ರು, ಅದರ ಮೇಲೆ ಚಾಪೆ ಹಾಸಿದ್ರು, ಕತ್ತಿ ಹಿಡ್ಕೊಂಡು ಹಾರಿ ಬಂದ ಜಪಾನೀಯರು ಸೀದಾ ಮೊಳೆ ಮೇಲೆ ಬೀಳೋ ಹಾಗೆ. ಕಬ್ಬಿಣದ ಮಾತೇ ಅದರಲ್ಲಿಲ್ಲ. ಕಂದು ಬಣ್ಣವೇ ಇರ್ಲಿ. ತಮ್ಮವರು ಓಡಾಡೋ ಆ ದಾರಿನೂ ನೀನು ಬಿಟ್ಟಿದೀಯ, ನಾನಾಗಿದ್ರೆ ಪೂರ್ತಿ ಮೊಳೆನೇ ತುಂಬ್ತಿದ್ದೆ.

ಈ ಹಡಗಿನಿಂದಾಗಿ ನಾನೂ ಆ ಮನುಷ್ಯನ ಬಗ್ಗೆ ಓದ್ತಾ ಹೋದೆ. ಸಾಚೊನ್ ಯುದ್ಧದಲ್ಲಿ ಭುಜಕ್ಕೆ ಗುಂಡು ಬಿದ್ದದ್ದು, ಹನ್ಸಾನ್ ಯುದ್ಧ, ಎಲ್ಲ ನಿಂಗೇ ನನಗಿಂತ ಚೆನ್ನಾಗ್ ಗೊತ್ತು. ನಂಗೆ ಬಿಡದೇ ಕಾಡ್ತಿರೋದು ಬೇರೆ. 1597ರ ಅಕ್ಟೋಬರಲ್ಲಿ ಮ್ಯೊಂಗ್‌ನ್ಯಾಂಗ್ ಜಲಸಂಧಿಯಲ್ಲಿ ಬರೀ 13 ಹಡಗು ಇಟ್ಕೊಂಡು 130ರಷ್ಟು ಜಪಾನಿ ಹಡಗನ್ನ ತಡೆದ್ರು. ಆ ಗೆಲುವಾಗಿ ಒಂದು ತಿಂಗಳೂ ಆಗಿಲ್ಲ, ಮನೆಯಿಂದ ಕಾಗದ ಬಂತು. ಒಡೆಯೋ ಮುಂಚೆನೇ ಮೈಯೆಲ್ಲ ನಡುಗ್ತು ಅಂತ ದಿನಚರೀಲಿ ಬರ್ಕೊಂಡಿದಾರೆ. ಹೊರಗಡೆ ಎರಡನೇ ಮಗ ಯೊಲ್‌ನ ಕೈಬರಹ, ಎರಡೇ ಚೀನೀ ಅಕ್ಷರ, ಗೋಳಾಡ್ತಿದೀವಿ ಅಂತ. ಒಳಗೆ ಓದೋದೇ ಬೇಕಾಗ್ಲಿಲ್ಲ, ಕಿರಿಮಗ ಮ್ಯೊನ್ ಹೋದ ಅಂತ ಗೊತ್ತಾಯ್ತು. ಊರಿಗೆ ನುಗ್ಗಿದ ಜಪಾನಿ ಸೈನಿಕರ ಜೊತೆ ಹೊಡೆದಾಡಿ ಸತ್ತಿದ್ದ, ಇನ್ನೂ ಇಪ್ಪತ್ತರ ಹುಡುಗ. ಹಿಂದಿನ ರಾತ್ರಿ ಕನಸಲ್ಲಿ ಇವರ ಕುದುರೆ ಹಳ್ಳಕ್ಕೆ ಬಿದ್ದಿತ್ತಂತೆ, ಮ್ಯೊನ್ ಬಂದು ತಬ್ಕೊಂಡ ಹಾಗಾಗಿತ್ತಂತೆ. ಸೈನಿಕರ ಮುಂದೆ ಅಳಕ್ಕಾಗ್ದೆ, ಉಪ್ಪು ಮಾಡೋನೊಬ್ಬನ ಮನೆಗೆ ಹೋಗಿ ಅತ್ರು. ನಾನು ಸತ್ತು ನೀನು ಬದುಕೋದು ನ್ಯಾಯ, ನೀನು ಸತ್ತು ನಾನು ಬದುಕಿದೀನಲ್ಲ ಅಂತ.

ಈ ಪುಟ ಓದಿದ್ಮೇಲೆ ರಾತ್ರಿ ಎದ್ದೆದ್ದು ಕೂತ್ಕೋತೀನಿ ಪುಟ್ಟಿ. ಆ ಎರಡು ಅಕ್ಷರ ಕಣ್ಮುಂದೆ ಬರತ್ತೆ. ಕಾಗದ ಬರೋಷ್ಟರಲ್ಲಿ ಎಷ್ಟು ದಿನ ಆಗಿತ್ತೋ, ಅಷ್ಟು ದಿನ ಆ ಅಪ್ಪ ಏನೂ ಗೊತ್ತಿಲ್ದೆ ಹಡಗಿಗೆ ಮರ ಒಟ್ಟುಮಾಡ್ತಾ, ಲೆಕ್ಕ ಬರೀತಾ, ಮಗ ಚೆನ್ನಾಗಿದಾನೆ ಅನ್ಕೊಂಡಿದ್ರಲ್ಲ ಅನ್ನೋದನ್ನೇ ಯೋಚಿಸ್ತಿರ್ತೀನಿ. ಅದೇ ನಂಗೆ ತಡ್ಕೊಳಕ್ಕಾಗಲ್ಲ. ನಿಂಗೆ ಏನೂ ಆಗಲ್ಲ, ನಂಗೊತ್ತು, ಯುದ್ಧಕ್ಕೇನು ಹೋಗ್ತಿಲ್ಲ ನೀನು, ಆದ್ರೂ ಜ್ವರ ಬಂದ್ರೆ, ಮಾರ್ಕ್ಸ್ ಹೋದ್ರೆ, ಯಾರಾದ್ರೂ ನೋಯಿಸಿದ್ರೆ, ಮೊದ್ಲು ನೀನೇ ಹೇಳು, ನಿನ್ನ ಬಾಯಿಂದಾನೇ ಹೇಳು, ಫ್ರೆಂಡ್ ಕೈಲಿ ಹೇಳಿಸ್ಬೇಡ, ಅಪ್ಪ ಅಮ್ಮ ಟೆನ್ಷನ್ ಮಾಡ್ಕೋತಾರೆ ಅಂತ ಎಲ್ಲ ಸರಿಹೋದ್ಮೇಲೆ ಹೇಳ್ಬೇಡ. ಟೆನ್ಷನ್ ಮಾಡ್ಕೊಳಕ್ಕೇ ನಾವಿರೋದು. ಅಲ್ಲಿ ರಾತ್ರಿ ಹನ್ನೆರಡು ಅಂದ್ರೆ ಇಲ್ಲಿ ಎಂಟೂವರೆ, ಬೆಳಗಿನ ಜಾವ ಮೂರು ಅಂದ್ರೂ ನಮಗೆ ಹನ್ನೊಂದೂವರೆ, ಎದ್ದೇ ಇರ್ತೀವಿ.

ಇನ್ನು ಹೊತ್ತಿಗೆ ಸರಿಯಾಗಿ ಊಟ ಮಾಡು, ಲ್ಯಾಬಲ್ಲಿ ಯಾರಾದ್ರೂ ದೊಡ್ಡೋರು ಹೇಳಿದ್ದಕ್ಕೆಲ್ಲ ತಲೆ ಆಡಿಸ್ಬೇಡ, ಗೊತ್ತಿಲ್ದಿದ್ದನ್ನ ಗೊತ್ತಿಲ್ಲ ಅಂತ ಹೇಳು, ಕೊರಿಯನ್ ಭಾಷೆ ಮೊದಲ ಸೆಮಿಸ್ಟರಲ್ಲೇ ಕಲಿ, ಇಂಗ್ಲಿಷಲ್ಲಿ ನಡಿಯತ್ತೆ ಅಂತ ಸೋಮಾರಿ ಆದ್ರೆ ಶಿಪ್‌ಯಾರ್ಡಲ್ಲಿ ವೆಲ್ಡಿಂಗ್ ಮಾಡೋರ ಹತ್ರ ಮಾತಾಡಕ್ಕೆ ಬರಲ್ಲ, ಅವರ ಹತ್ರ ಮಾತಾಡಿದ್ರೇನೇ ಹಡಗು ಅರ್ಥ ಆಗೋದು. ಪಾಸ್‌ಪೋರ್ಟ್ ಕಾಪಿ ಎರಡು ಕಡೆ ಇಡು. ಸಾಕು, ಲೆಕ್ಚರ್ ಆಯ್ತು.

ಮುಂದಿನ ವರ್ಷ ನಾನೂ ಅಮ್ಮನೂ ಬರ್ತೀವಿ. ಯೊಸುಗೆ ನೀನು ಮೊದ್ಲೇ ಹೋಗಿ ಬಾ, ಅಲ್ಲೇ ಅಲ್ವಾ ಯುದ್ಧಕ್ಕೆ ಮುಂಚೆ ಯಿ ಸುನ್‌ಸಿನ್‌ರ ನೌಕಾಪಡೆ ಇದ್ದದ್ದು, ಫೋಟೋ ಕಳಿಸು. ಆದ್ರೆ ಆಸಾನ್‌ಗೆ, ಆ ದಿನಚರಿ ಇಟ್ಟಿರೋ ಹ್ಯೊನ್‌ಚುಂಗ್‌ಸಾಗೆ ಮಾತ್ರ ಒಬ್ಬಳೇ ಹೋಗ್ಬೇಡ, ನಾನು ಬಂದ್ಮೇಲೆ ಒಟ್ಟಿಗೆ ಹೋಗೋಣ. ದುಡ್ಡು ಬೇಕಾದ್ರೆ ಸಂಕೋಚ ಪಡ್ದೆ ಕೇಳು.

ಅಪ್ಪ