ಶನಿವಾರದ ಐಸ್ ಹಾಕಿ ಆಟಕ್ಕೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಟೊರಾಂಟೊ ಮೇಪಲ್ ಲೀಫ್ಸ್ ಆಟಕ್ಕೆ ಬರುವವರು ಶನಿವಾರ ಸಂಜೆ 6ಕ್ಕೆ ಯೂನಿಯನ್ ಸ್ಟೇಷನ್ ಹತ್ತಿರ ಸೇರೋಣ. ಒಳಗೂ ಚಳಿ ಇರುತ್ತದೆ, ಸ್ವೆಟರ್ ಮರೆಯಬೇಡಿ.

ಈ ತಂಡದ ಕಥೆ ಏನು ಅಂತ ಹೊಸಬರು ಕೇಳಿದ್ದಿರಿ. ಶುರುವಾದದ್ದು 1917ರಲ್ಲಿ. ಈಗಿನ ಹೆಸರು 1927ರದ್ದು, ಕಾನ್ ಸ್ಮೈತ್ ಕೈಗೆ ತಂಡ ಬಂದಾಗ ಇಟ್ಟದ್ದು. 1942ರಲ್ಲಿ ಸ್ಟಾನ್ಲಿ ಕಪ್ (ಲೀಗಿನ ಚಾಂಪಿಯನ್‌ಗೆ ಸಿಗುವ ಕಪ್) ಫೈನಲ್‌ನ 7 ಆಟಗಳಲ್ಲಿ ಡೆಟ್ರಾಯಿಟ್ ಎದುರು ಮೊದಲ 3 ಆಟ ಸೋತು, ಉಳಿದ 4ನ್ನೂ ಗೆದ್ದುಬಿಟ್ಟರು!

ನನ್ನನ್ನು ಜಾಸ್ತಿ ಕಾಡುವುದು ಈ ತಂಡದ ಆಟಗಾರ ಬಿಲ್ ಬರಿಲ್ಕೊ ಕಥೆ. 1951ರ ಏಪ್ರಿಲ್‌ನಲ್ಲಿ ಮಾಂಟ್ರಿಯಲ್ ಎದುರು ಹೆಚ್ಚುವರಿ ಸಮಯದಲ್ಲಿ ಅವನು ಹೊಡೆದ ಗೋಲಿನಿಂದ ಸ್ಟಾನ್ಲಿ ಕಪ್ ಬಂತು. ಆಗಸ್ಟ್‌ನಲ್ಲಿ ಮೀನು ಹಿಡಿಯಲು ಹೋದವನು ವಿಮಾನದ ಸಮೇತ ಕಾಣೆಯಾದ. ಆಮೇಲೆ ತಂಡಕ್ಕೆ ಕಪ್ಪೇ ಸಿಗಲಿಲ್ಲ. ಮತ್ತೆ ಗೆದ್ದದ್ದು 1962ರಲ್ಲಿ. ಅದಾಗಿ ಕೆಲವೇ ವಾರಕ್ಕೆ ಕಾಡಿನಲ್ಲಿ ಆ ವಿಮಾನ ಪತ್ತೆಯಾಯಿತು. ಸುಮ್ನೆ ಕಾಕತಾಳೀಯ ಇರಬಹುದು, ಆದರೂ ಮೈ ಜುಮ್ಮೆನ್ನುತ್ತದೆ ಅಲ್ವಾ? ಅವನ 5ನೇ ನಂಬರನ್ನು ತಂಡ ಬೇರೆ ಯಾರಿಗೂ ಕೊಡುವುದಿಲ್ಲ.

ಒಟ್ಟು 13 ಕಪ್. ಕೊನೆಯದು 1967ರಲ್ಲಿ. ಪಕ್ಕದ ಸೀಟಿನವರ ಹತ್ತಿರ ಆ ಮಾತು ಮಾತ್ರ ಎತ್ತಬೇಡಿ!

ಟಿಕೆಟ್‌ಗಳನ್ನು ಶುಕ್ರವಾರ ರಾತ್ರಿ ನಿಮ್ಮ ಫೋನಿಗೆ ಕಳಿಸುತ್ತೇನೆ.